ಸಂದೇಹವೇ ಸಾಕ್ಷ್ಯವಾದಾಗ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರ ಗಾದೆ. ಭಯದ ಭರದಲ್ಲಿ ಒಂದು ಸಮಾಜವು ಈ ವಿವೇಕವನ್ನು ಮರೆತರೆ ಏನಾಗುವುದೆಂಬುದಕ್ಕೆ ಅಮೆರಿಕೆಯ ಇತಿಹಾಸದಲ್ಲಿ ಎರಡು ನಿದರ್ಶನಗಳಿವೆ. ಅವುಗಳ ನಡುವೆ ಎರಡೂವರೆ ಶತಮಾನಗಳ ಅಂತರವಿದ್ದರೂ ಅವು ನಡೆದ ರೀತಿ ಒಂದೇ.

ಮೊದಲನೆಯದು 1692ರಲ್ಲಿ ಸೇಲಂ ಗ್ರಾಮದಲ್ಲಿ ಮೊದಲಾದ ಪ್ರಕರಣ. ಆಗ ಮ್ಯಾಸಚೂಸೆಟ್ಸ್ ಪ್ರಾಂತವು ಆಂಗ್ಲರ ವಸಾಹತಾಗಿತ್ತು. ಕೆಲವು ಬಾಲಿಕೆಯರು ವಿಚಿತ್ರವಾದ ಸೆಳವುಗಳಿಂದ ನರಳತೊಡಗಲು, ಜನರು ಅದನ್ನು ಮಾಟವೆಂದು ಬಗೆದರು. ಆರೋಪಿಯ ಛಾಯಾರೂಪವು ಬಂದು ತಮ್ಮನ್ನು ಪೀಡಿಸಿತೆಂದು ಅವರು ನುಡಿದುದನ್ನು ನ್ಯಾಯಾಲಯವು ಸಾಕ್ಷ್ಯವೆಂದು ಅಂಗೀಕರಿಸಿತು. ಆ ಛಾಯೆಯಾದರೋ ಪೀಡಿತರಿಗಲ್ಲದೆ ಅನ್ಯರಿಗೆ ಕಾಣದು. ಆದುದರಿಂದ ಅದನ್ನು ಅಲ್ಲಗಳೆಯುವ ಮಾರ್ಗವೇ ಇರಲಿಲ್ಲ. ತಪ್ಪೊಪ್ಪಿಕೊಂಡು ಅದೇ ಮಾತಿಗೆ ನಿಂತವರು ನೇಣಿನಿಂದ ಪಾರಾದರು; ಅವರಲ್ಲಿ ಅನೇಕರು ಇತರರ ಹೆಸರುಗಳನ್ನೂ ಹೇಳಿದರು. ತಾವು ನಿರ್ದೋಷಿಗಳೆಂದು ಕೊನೆಯವರೆಗೂ ನುಡಿದ 19 ಮಂದಿ ಗಲ್ಲಿಗೇರಿದರು. ವಿಚಾರಣೆಗೆ ಒಪ್ಪದ ವೃದ್ಧನೊಬ್ಬನನ್ನು ಕಲ್ಲುಗಳ ಭಾರದಿಂದ ಅದುಮಿ ಕೊಂದರು. ಅಕ್ಟೋಬರ್ ತಿಂಗಳಲ್ಲಿ ಗವರ್ನರ್ ಫಿಪ್ಸ್ ಆ ನ್ಯಾಯಾಲಯವನ್ನು ವಿಸರ್ಜಿಸಿದರು. ಮರುವರ್ಷದ ವಿಚಾರಣೆಗಳಲ್ಲಿ ಛಾಯಾಸಾಕ್ಷ್ಯಕ್ಕೆ ಮನ್ನಣೆ ದೊರೆಯದಿರಲು, ಬಹುತೇಕ ಆರೋಪಿಗಳು ಬಿಡುಗಡೆ ಹೊಂದಿದರು.

ಎರಡನೆಯದು ದ್ವಿತೀಯ ಮಹಾಯುದ್ಧದ ಅನಂತರದ್ದು. 1949ರಲ್ಲಿ ಸೋವಿಯೆತ್ ಒಕ್ಕೂಟವು ಅಣುಬಾಂಬನ್ನು ಪರೀಕ್ಷಿಸಿತು. ಚೀನದಲ್ಲಿ ಕಮ್ಯೂನಿಸ್ಟರು ಅಧಿಕಾರಕ್ಕೆ ಬಂದರು. ಅಮೆರಿಕೆಯಲ್ಲಿ ಸೋವಿಯೆತ್ ಗೂಢಚಾರರಿದ್ದುದೂ ನಿಜ. ಭಯವು ಕೇವಲ ಕಲ್ಪಿತವಾಗಿರಲಿಲ್ಲ. ಆದರೆ ಅಪರಾಧಿಯನ್ನು ಹುಡುಕುವ ಬಗೆ ಕೆಟ್ಟಿತು. ಪ್ರತಿನಿಧಿ ಸಭೆಯ ಸಮಿತಿಯೊಂದು 1947ರಲ್ಲಿಯೇ ಚಲನಚಿತ್ರರಂಗದವರನ್ನು ಕರೆಸಿ ಅವರ ಪಕ್ಷಸಂಬಂಧವನ್ನು ಪ್ರಶ್ನಿಸಿತ್ತು. ಉತ್ತರಿಸಲೊಪ್ಪದ 10 ಮಂದಿ ಸೆರೆಮನೆ ಸೇರಿದರು. ಮುಂದೆ, ಸ್ನೇಹಿತರ ಹೆಸರುಗಳನ್ನು ಹೇಳಿದವರಿಗೆ ಸಾಮಾನ್ಯವಾಗಿ ಉದ್ಯೋಗ ಉಳಿಯಿತು. ಹೇಳದವರಿಗೆ ಬಾಗಿಲು ಮುಚ್ಚಿತು. ಸೇಲಂ ಪದ್ಧತಿಯೇ ಮರಳಿ ಬಂದಿತ್ತು.

1950ರ ಫೆಬ್ರವರಿ 9ರಂದು ವೀಲಿಂಗ್ ನಗರದಲ್ಲಿ ಸೆನೆಟರ್ ಜೋಸೆಫ್ ಮೆಕಾರ್ತಿಯವರು, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯೂನಿಸ್ಟರ ಪಟ್ಟಿಯು ತಮ್ಮ ಬಳಿ ಇದೆಯೆಂದು ಸಾರಿದರು. ಮೊದಲು 205 ಎಂದು ವರದಿಯಾದ ಸಂಖ್ಯೆಯು ಕೆಲವೇ ದಿನಗಳಲ್ಲಿ 57 ಆಯಿತು. ಆದರೂ ಬಹುಮಂದಿ ಭಯದಿಂದ ಮೌನ ತಾಳಿದರು. ಅದೇ ವರ್ಷದ ಜೂನ್ 1ರಂದು, ಅವರ ಪಕ್ಷಕ್ಕೇ ಸೇರಿದ ಮಾರ್ಗರೆಟ್ ಚೇಸ್ ಸ್ಮಿತ್ ಎಂಬ ಮಹಿಳೆಯು ಸೆನೆಟ್ಟಿನಲ್ಲಿ ಎದ್ದು ನಿಂತು ಈ ಮಿಥ್ಯಾರೋಪಗಳ ರಾಜಕೀಯವನ್ನು ಖಂಡಿಸಿದರು. ಅವರೊಡನೆ ದನಿಗೂಡಿಸಿದವರು ಆರೇ ಮಂದಿ. 1954ರ ಡಿಸೆಂಬರ್ 2ರಂದು ಸೆನೆಟ್ಟು ಮೆಕಾರ್ತಿಯವರ ನಡತೆಯನ್ನು 67 ಮತಗಳಿಂದ ಖಂಡಿಸಿತು. ವಿರೋಧವಾಗಿ ಬಂದವು 22 ಮತಗಳು. ಅಷ್ಟರಲ್ಲಿ ಅನೇಕರ ಬಾಳು ಕೆಟ್ಟಿತ್ತು.

ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕಾದುದಿಷ್ಟು. ನಿರಾಕರಣೆಯೇ ಅಪರಾಧವೆನಿಸಿ, ಪರರನ್ನು ದೂರುವುದೇ ಬಿಡುಗಡೆಯ ದಾರಿಯಾದಲ್ಲಿ, ಸತ್ಯವಂತನಿಗೆ ರಕ್ಷಣೆಯಿಲ್ಲ. ಸೇಲಂ ನ್ಯಾಯಾಧೀಶರಲ್ಲೊಬ್ಬರಾದ ಸ್ಯಾಮ್ಯುಯೆಲ್ ಸ್ಯೂಯಲ್ 1697ರಲ್ಲಿ ಚರ್ಚಿನ ಸಭೆಯ ಮುಂದೆ ತಲೆಬಾಗಿ ನಿಂತು ತಮ್ಮ ತಪ್ಪನ್ನು ಒಪ್ಪಿಕೊಂಡರು. ಆ ಪಶ್ಚಾತ್ತಾಪವು ಸ್ತುತ್ಯವೇ ಸರಿ. ಆದರೆ ಗಲ್ಲಿಗೇರಿದವರು ಮರಳಲಿಲ್ಲ. ಪ್ರಮಾಣವನ್ನು ಕೇಳತಕ್ಕ ಕಾಲವು ದಂಡನೆಗೆ ಮುಂಚಿನದೇ ಹೊರತು ಅನಂತರದ್ದಲ್ಲ.