ಲೈನರ್ ಎತ್ತಿದಾಗ ಕಾಣುವ ತುಕ್ಕು

ಅಮೆರಿಕದಲ್ಲಿ ಪಿಕಪ್ ಟ್ರಕ್ ಎಂದರೆ ಮುಂದೆ ಕಾರಿನಂತಹ ಕ್ಯಾಬಿನ್ನೂ ಹಿಂದೆ ಚಾವಣಿಯಿಲ್ಲದ ಸರಕಿನ ತೊಟ್ಟಿಯೂ ಇರುವ ವಾಹನ. ಅಲ್ಲಿ ಬೆಡ್ ಎಂದು ಕರೆಯಲಾಗುವ ಈ ತೊಟ್ಟಿಯ ತಳಕ್ಕೂ ಒಳಗೋಡೆಗಳಿಗೂ ಸೌದೆ, ಜಲ್ಲಿ, ಹುಲ್ಲು ಕತ್ತರಿಸುವ ಯಂತ್ರ ಮೊದಲಾದವುಗಳಿಂದ ಗೀರು ಬೀಳದಂತೆ ಹಾಕುವ ರಕ್ಷಣಾ ಪದರವೇ ಬೆಡ್ ಲೈನರ್. ಇದರಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ: ತೊಟ್ಟಿಯ ಆಕಾರಕ್ಕೇ ಎರಕಗೊಂಡು ಬಂದು ಅದರೊಳಗೆ ಕೂರುವ ಪಾಲಿಥಿಲೀನ್ ಪ್ಲಾಸ್ಟಿಕ್ಕಿನ ಗಟ್ಟಿ ಚಿಪ್ಪು, ಲೋಹಕ್ಕೇ ಅಂಟಿಕೊಂಡು ಒಣಗುವ, ಒರಟು ಮೈಯ ಪಾಲಿಯುರಿಥೇನ್ ಅಥವಾ ಪಾಲಿಯೂರಿಯಾ ಲೇಪ, ತಳದ ಮೇಲೆ ಸುಮ್ಮನೆ ಹಾಸುವ ದಪ್ಪ ರಬ್ಬರ್ ಚಾಪೆ. ಮಿಶಿಗನ್ ರಾಜ್ಯದಲ್ಲಿ ಹಲವು ಚಳಿಗಾಲಗಳನ್ನು ಕಂಡ ಉಕ್ಕಿನ ಪಿಕಪ್ ಒಂದರ ಪ್ಲಾಸ್ಟಿಕ್ ಚಿಪ್ಪನ್ನು ತೆಗೆದು, ಅದರ ಬದಲು ಲೇಪವನ್ನು ಮನೆಯ ಗ್ಯಾರೇಜಿನಲ್ಲೇ ಬಳಿದ ಅನುಭವವನ್ನು ಆಧರಿಸಿದ ಈ ಬರಹದ ವಾದವೇನೆಂದರೆ, ಲೈನರ್ ಯಾವುದೆಂಬುದಕ್ಕಿಂತ ಅದರ ಅಡಿಗೆ ಹೋದ ನೀರಿಗೆ ಹೊರದಾರಿ ಇದೆಯೇ ಎಂಬುದೇ ತೊಟ್ಟಿಯ ಆಯುಸ್ಸನ್ನು ನಿರ್ಧರಿಸುತ್ತದೆ.

ಪ್ಲಾಸ್ಟಿಕ್ ಚಿಪ್ಪು ಎಷ್ಟೇ ಅಳತೆಗೆ ಸರಿಯಾಗಿ ಕೂತರೂ ಲೋಹಕ್ಕೆ ಅಂಟಿರುವುದಿಲ್ಲವಾದ್ದರಿಂದ, ಗಾಡಿ ಓಡುವಾಗಲೆಲ್ಲ ಅದು ಕೂದಲೆಳೆಯಷ್ಟಾದರೂ ಅಲುಗುತ್ತದೆ. ಸಂದುಗಳಿಂದ ಇಳಿದ ಮರಳು, ಧೂಳು ಆ ಅಲುಗಾಟದಲ್ಲಿ ಎಮರಿ ಕಾಗದದ ಕೆಲಸ ಮಾಡಿ, ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣವನ್ನೂ ಅದರಡಿಯ ಸತುವಿನ ಲೇಪವನ್ನೂ ಸವೆಸುತ್ತವೆ. ಉತ್ತರದ ರಾಜ್ಯಗಳಲ್ಲಿ ಇದಕ್ಕೆ ಉಪ್ಪು ಸೇರುತ್ತದೆ. ಹಿಮ ಕರಗಿಸಲು ಅಲ್ಲಿ ರಸ್ತೆಗೆ ಕಲ್ಲುಪ್ಪು ಚೆಲ್ಲುತ್ತಾರೆ. ತಾಪಮಾನ ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಲ್ಲುಪ್ಪಿನ ಪ್ರಭಾವ ಕುಂದುವುದರಿಂದ ಕ್ಯಾಲ್ಸಿಯಂ ಕ್ಲೋರೈಡನ್ನೂ ಬಳಸುತ್ತಾರೆ. ಈ ಎರಡನೆಯದು ಗಾಳಿಯ ತೇವವನ್ನೇ ಹೀರಿಕೊಳ್ಳುವ ಲವಣವಾದ್ದರಿಂದ, ಮಳೆ ನಿಂತು ವಾರಗಳು ಕಳೆದರೂ ಚಿಪ್ಪಿನ ಅಡಿಯ ಕೆಸರು ಪೂರ್ತಿ ಒಣಗುವುದಿಲ್ಲ. ತೊಟ್ಟಿಯ ಮೂಲೆಗಳಲ್ಲಿ ನೀರು ಹರಿದುಹೋಗಲೆಂದು ಬಿಟ್ಟ ತೂತುಗಳು ಒಣ ಎಲೆ ಮತ್ತು ಕೆಸರಿನಿಂದ ಮುಚ್ಚಿಹೋಗಿರುವುದಂತೂ ಚಿಪ್ಪನ್ನು ಎತ್ತಿದಾಗ ಮೊದಲು ಕಣ್ಣಿಗೆ ಬೀಳುವ ಸಂಗತಿ. ಮೇಲಿನಿಂದ ಹೊಸದರಂತೆ ಹೊಳೆಯುವ ಲೈನರ್ ಕೆಳಗಿನ ನಾಶವನ್ನು ಮಾಲೀಕನಿಂದಲೇ ಮರೆಮಾಡುತ್ತದೆ.

ಚಿಪ್ಪನ್ನು ಬಿಚ್ಚುವ ಕೆಲಸ ಕಷ್ಟದ್ದಲ್ಲ, ಆದರೆ ಬಿಸಿಲಿನ ಮಧ್ಯಾಹ್ನ ಬೇಕು, ಏಕೆಂದರೆ ಚಳಿಯಲ್ಲಿ ಪಾಲಿಥಿಲೀನ್ ಸೆಟೆದುಕೊಂಡು ಬಾಗಲು ಒಪ್ಪುವುದಿಲ್ಲ. ಸರಕು ಕಟ್ಟುವ ಕೊಂಡಿಗಳ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹಾಕಿ, ಅವುಗಳ ನಕ್ಷತ್ರಾಕಾರದ ತಲೆಗೆ ಸರಿಹೊಂದುವ ಬಿಟ್ಟನ್ನೇ ಬಳಸಿದರೆ ಬೋಲ್ಟು ಮುರಿಯುವ ಸಂಭವ ಕಡಿಮೆ. ಅನಂತರ ಇಬ್ಬರು ಎದುರುಬದುರು ನಿಂತು ಚಿಪ್ಪಿನ ಗೋಡೆಗಳನ್ನು ಒಳಮುಖವಾಗಿ ಬಾಗಿಸಿ, ಟೇಲ್‌ಗೇಟ್ ಎಂಬ ಹಿಂಬಾಗಿಲಿನ ಕಡೆಗೆ ಎಳೆದರೆ ಅದು ಹೊರಬರುತ್ತದೆ. ಚಿಪ್ಪನ್ನು ಗೋಡೆಗೆ ಸ್ಕ್ರೂ ಹೊಡೆದು ಕೂರಿಸಿದ್ದರೆ ಆ ಪ್ರತಿಯೊಂದು ತೂತಿನ ಸುತ್ತಲೂ ತುಕ್ಕಿನ ಬಳೆ ಕಾಣುತ್ತದೆ, ಏಕೆಂದರೆ ಕೊರೆದಲ್ಲಿ ಉಕ್ಕು ಬರಿದಾಗಿರುತ್ತದೆ.

ಇಲ್ಲಿಂದ ಮುಂದಿನದೇ ನಿಜವಾದ ಕೆಲಸ. ತುಕ್ಕಿನಲ್ಲಿ ಮೂರು ಹಂತಗಳನ್ನು ಗುರುತಿಸಬಹುದು: ಬಣ್ಣದ ಮೇಲೆ ಕಂದು ಕಲೆಯಾಗಿ ಕಾಣುವ ಮೇಲ್ಪದರದ ತುಕ್ಕು, ಲೋಹವೇ ಹಕ್ಕಳೆಯಾಗಿ ಏಳುವ ತುಕ್ಕು, ತಳವನ್ನೇ ತೂತು ಮಾಡಿದ ತುಕ್ಕು. ಮೊದಲನೆಯದಕ್ಕೆ 80ರ ಸ್ಯಾಂಡ್‌ಪೇಪರ್ ಸಾಕು. ಎರಡನೆಯದಕ್ಕೆ ಗ್ರೈಂಡರಿಗೆ ಸಿಕ್ಕಿಸಿದ ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೂ ಉಜ್ಜಬೇಕು. ಮೂರನೆಯದಕ್ಕೆ ವೆಲ್ಡಿಂಗ್ ಹೊರತು ಉಪಾಯವಿಲ್ಲ, ಅದನ್ನು ಲೇಪದಿಂದ ಮುಚ್ಚುವುದು ಕೊಳ್ಳುವವನಿಗೆ ಮಾಡುವ ಮೋಸ. ಬ್ರಷ್ ತಲುಪದ ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ತುಕ್ಕು ಪರಿವರ್ತಕ ಎಂಬ ದ್ರಾವಣವನ್ನು ಹಚ್ಚುತ್ತಾರೆ. ಅದರಲ್ಲಿರುವ ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲವು ತುಕ್ಕಿನ ಕಬ್ಬಿಣದೊಂದಿಗೆ ಸೇರಿ, ಸುಲಭವಾಗಿ ಬದಲಾಗದ ಕಪ್ಪು ಸಂಯುಕ್ತವಾಗುತ್ತದೆ. ಆದರೆ ಇದು ಉಜ್ಜುವ ಶ್ರಮಕ್ಕೆ ಪರ್ಯಾಯವಲ್ಲ, ಏಕೆಂದರೆ ಸಡಿಲ ಹಕ್ಕಳೆಯ ಮೇಲೆ ಹಚ್ಚಿದ ಪರಿವರ್ತಕ ಆ ಹಕ್ಕಳೆಯೊಂದಿಗೇ ಎದ್ದುಬರುತ್ತದೆ. ತುಕ್ಕಿಲ್ಲದ, ಗಟ್ಟಿಯಾಗಿ ನಿಂತಿರುವ ಹಳೆಯ ಬಣ್ಣವನ್ನು ತೆಗೆಯುವ ಅಗತ್ಯವಿಲ್ಲದಿದ್ದರೂ ಅದರ ಹೊಳಪು ಪೂರ್ತಿ ಹೋಗುವಂತೆ ಉಜ್ಜಲೇಬೇಕು. ಲೇಪವು ಹಿಡಿದುಕೊಳ್ಳುವುದು ಗೀರುಗಳನ್ನು, ನುಣುಪಾದ ಮೈಯನ್ನಲ್ಲ. ತಳದ ಉಬ್ಬುತಗ್ಗುಗಳ ಓರೆಬದಿ, ಚಕ್ರದ ಗೂಡಿನ ಬುಡ, ಮುಂಗೋಡೆಯ ಸಂದು ಇವು ಕೈಬೆರಳಿನಿಂದಲೇ ಉಜ್ಜಬೇಕಾದ ಜಾಗಗಳು, ಮತ್ತು ಮನೆಯಲ್ಲಿ ಹಚ್ಚಿದ ಲೇಪ ಮೊದಲು ಏಳುವುದೂ ಇಲ್ಲಿಂದಲೇ. ಆ ಬಳಿಕ ಸೋಪುನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆಯ ಅಂಶ ಹೋಗುವಂತೆ ದ್ರಾವಕದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬರಿದಾದ ಲೋಹಕ್ಕೆಲ್ಲ ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಒಟ್ಟು ದುಡಿಮೆಯ ಬಹುಪಾಲು ಇಷ್ಟರಲ್ಲೇ ಮುಗಿದುಹೋಗುತ್ತದೆ.

ಲೇಪ ಬಳಿಯುವುದು ಇದಕ್ಕೆ ಹೋಲಿಸಿದರೆ ಹಗುರ. ಕುಶಲಕರ್ಮಿಗಳ ಅಂಗಡಿಯಲ್ಲಿ ಎರಡು ದ್ರವಗಳನ್ನು ಬಿಸಿ ಮಾಡಿ, ಹೆಚ್ಚಿನ ಒತ್ತಡದಲ್ಲಿ ಸಿಂಪಡಿಸುವುದರಿಂದ ಅದು ಕೆಲವೇ ಸೆಕೆಂಡುಗಳಲ್ಲಿ ದಪ್ಪವಾಗಿ ಗಟ್ಟಿಯಾಗುತ್ತದೆ. ಮನೆಯಲ್ಲಿ ಉರುಳೆ ಬ್ರಷ್ಷಿನಿಂದ ಹಚ್ಚುವ ಲೇಪ ಅಷ್ಟು ದಪ್ಪ ಬರುವುದಿಲ್ಲವಾದ್ದರಿಂದ ಎರಡು ಕೋಟು ಬೇಕೇ ಬೇಕು. ಒಂದೇ ಡಬ್ಬಿಯಲ್ಲಿ ಬರುವ, ರಬ್ಬರಿನ ಸಣ್ಣ ಕಾಳುಗಳು ಬೆರೆತ ಲೇಪವು ಗಾಳಿಯ ತೇವವನ್ನು ಬಳಸಿಕೊಂಡು ಗಟ್ಟಿಯಾದರೆ, ಎರಡು ಭಾಗದ್ದರಲ್ಲಿ ಹಾರ್ಡನರ್ ಬೆರೆಸಿದ ಕ್ಷಣದಿಂದಲೇ ಗಡುವು ಆರಂಭವಾಗುವುದರಿಂದ, ಮುಂಗೋಡೆಯಿಂದ ತೊಡಗಿ ಹಿಂಬಾಗಿಲಿನ ಕಡೆಗೆ ಹಿಮ್ಮುಖವಾಗಿ ಬರುವ ಕ್ರಮವನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಎರಡನೆಯ ಕೋಟಿಗೆ ತಯಾರಕರು ಹೇಳಿದ ಅವಧಿ ಮೀರಿದರೆ ಮೊದಲನೆಯದನ್ನು ಮತ್ತೆ ಉಜ್ಜದೆ ಹಚ್ಚುವಂತಿಲ್ಲ. ಅಂಚಿಗೆ ಹಾಕಿದ ಅಂಟುಪಟ್ಟಿಯನ್ನು ಲೇಪ ಹಸಿಯಾಗಿರುವಾಗಲೇ ಕೀಳಬೇಕು. ಒಣಗಿದ ಮೇಲೆ ಕಿತ್ತರೆ ಅಂಚೆಲ್ಲ ಹರಿದುಬರುತ್ತದೆ.

ಈ ಲೇಪಗಳ ಗಟ್ಟಿತನಕ್ಕೆ ಕಾರಣವಾದ ಐಸೊಸಯನೇಟ್ ಎಂಬ ರಾಸಾಯನಿಕಗಳ ಗುಂಪೇ ಅವುಗಳ ಅಪಾಯಕ್ಕೂ ಕಾರಣ. 1984ರ ಭೋಪಾಲ ದುರಂತದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಟುಂಬಕ್ಕೆ ಸೇರಿದ್ದು. ಲೇಪಗಳಲ್ಲಿ ಬಳಸುವವು ಅಷ್ಟು ಸುಲಭವಾಗಿ ಆವಿಯಾಗದ ಬೇರೆ ಸಂಯುಕ್ತಗಳಾದರೂ, ಉಸಿರಿನೊಂದಿಗೆ ಒಳಹೋದರೆ ಕೆಲವರಲ್ಲಿ ಆಸ್ತಮಾ ಉಂಟುಮಾಡುತ್ತವೆ, ಮತ್ತು ಒಮ್ಮೆ ದೇಹ ಅದಕ್ಕೆ ಮುನಿದರೆ ಮುಂದೆ ಅತ್ಯಲ್ಪ ಪ್ರಮಾಣವೂ ತೊಂದರೆ ಕೊಡುತ್ತದೆ. ಸಿಂಪಡಿಸಿದಾಗ ಲೇಪವು ಸಣ್ಣ ಹನಿಗಳಾಗಿ ಗಾಳಿಗೆ ಸೇರುವುದರಿಂದ, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವಿಲ್ಲದವರು ಸಿಂಪಡಿಕೆಯ ಆಸೆ ಬಿಟ್ಟು ಉರುಳೆ ಬ್ರಷ್ಷಿಗೇ ನಿಲ್ಲುವುದು ವಿವೇಕ. ಉರುಳೆಯಿಂದ ಹಚ್ಚುವಾಗಲೂ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಬೇಕು, ಸಾವಯವ ಆವಿ ತಡೆಯುವ ಮುಖವಾಡ ಮತ್ತು ಕೈಗವಸು ಇರಬೇಕು, ಹತ್ತಿರದಲ್ಲಿ ನೀರು ಕಾಯಿಸುವ ಗ್ಯಾಸಿನ ಉರಿ ಇರಬಾರದು.

ಲೇಪವೊಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಭಾರದ ಕಬ್ಬಿಣದ ಮೂಲೆ ಮೇಲಿನಿಂದ ಬಿದ್ದರೆ ಲೇಪ ಹರಿಯದಿದ್ದರೂ ಅಡಿಯ ಉಕ್ಕು ತಗ್ಗಾಗುತ್ತದೆ. ಮೊಣಕಾಲೂರಿ ಸರಕು ಜೋಡಿಸುವವನಿಗೆ ಅದರ ಒರಟು ಮೈ ಹಿಂಸೆಯೂ ಹೌದು. ಆದ್ದರಿಂದ ಲೇಪದ ಮೇಲೆ ರಬ್ಬರ್ ಚಾಪೆ ಹಾಸಿ, ಚಳಿಗಾಲ ಮುಗಿದ ಕೂಡಲೇ ಅದನ್ನು ಎತ್ತಿ, ತಳವನ್ನೂ ತೂತುಗಳನ್ನೂ ತೊಳೆಯುವ ಜೋಡಿ ವ್ಯವಸ್ಥೆಯೇ ಉಪ್ಪಿನ ಸೀಮೆಗೆ ಹೆಚ್ಚು ಹೊಂದುತ್ತದೆ. ಚಾಪೆಯ ಅಡಿಗೂ ನೀರು ಹೋಗುತ್ತದೆ, ಆದರೆ ಚಿಪ್ಪಿನಂತಲ್ಲದೆ ಅದನ್ನು ಒಬ್ಬನೇ ಸುತ್ತಿ ಎತ್ತಬಹುದು.

ಪ್ಲಾಸ್ಟಿಕ್ ಚಿಪ್ಪನ್ನೇ ಉಳಿಸಿಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ಸಂಗತಿ ಬೆಂಕಿಗೆ ಸಂಬಂಧಿಸಿದ್ದು. ಲೈನರ್ ಮೇಲೆ ಕ್ಯಾನ್ ಇಟ್ಟು ಪೆಟ್ರೋಲ್ ತುಂಬಿಸುವಾಗ, ಹರಿಯುವ ಇಂಧನದಿಂದ ಹುಟ್ಟುವ ಸ್ಥಿರ ವಿದ್ಯುತ್ತಿಗೆ ನೆಲಕ್ಕಿಳಿಯುವ ದಾರಿ ಸಿಗದೆ, ಅದು ಕ್ಯಾನಿನಲ್ಲೇ ಶೇಖರಗೊಂಡು ಪಂಪಿನ ಮೂತಿಗೆ ಕಿಡಿಯಾಗಿ ಹಾರಬಹುದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1998ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿದೆ. ಕ್ಯಾನನ್ನು ಇಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು.

ಎಲ್ಲ ಪಿಕಪ್‌ಗಳ ರೋಗವೂ ಒಂದೇ ಅಲ್ಲ. 2015ರ ಮಾದರಿಯಿಂದ ಫೋರ್ಡ್ ಎಫ್-150ರ ಮೈ ಅಲ್ಯೂಮಿನಿಯಂನದಾಗಿರುವುದರಿಂದ ಅದಕ್ಕೆ ಕೆಂಪು ತುಕ್ಕಿನ ಭಯವಿಲ್ಲ, ಆದರೆ ಲೇಪವಿಲ್ಲದ ಉಕ್ಕಿನ ಬೋಲ್ಟು ತಗುಲಿದ ಕಡೆ ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವಿನ ವಿದ್ಯುತ್‌ಕ್ರಿಯೆಯಿಂದ ಅಲ್ಯೂಮಿನಿಯಮ್ಮೇ ತಿನ್ನಲ್ಪಡುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಹಿಮ ಬೀಳದಿದ್ದರೂ ಕಡಲಗಾಳಿಯ ಉಪ್ಪಿದೆ, ಮೀನಿನ ಪೆಟ್ಟಿಗೆಯಿಂದ ಸೋರುವ ಮಂಜುಗಡ್ಡೆಯ ನೀರಿದೆ. ಮಂಗಳೂರು, ಮಲ್ಪೆಯ ಕಡೆ ಪಿಕಪ್ ಇಟ್ಟುಕೊಂಡವರಿಗೂ ಹಾಸಿದ ಶೀಟನ್ನು ಆಗಾಗ ಎತ್ತಿ ತೊಳೆಯುವ ಕ್ರಮ ಅಷ್ಟೇ ಅಗತ್ಯ.

ಹಳೆಯ ಪಿಕಪ್ ಕೊಳ್ಳಲು ಹೊರಟವರು ಬೆಲೆ ಮಾತಾಡುವ ಮೊದಲು ಲೈನರ್ ಎತ್ತಿ ತೋರಿಸುವಂತೆ ಮಾರುವವರನ್ನು ಕೇಳಬೇಕು. ಅದಕ್ಕೆ ಅವರು ಒಪ್ಪದಿದ್ದರೆ ಗಾಡಿಯ ಅಡಿಗೆ ನುಸುಳಿ, ಚಕ್ರದ ಗೂಡಿನ ಹಿಂಬದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರೂ ತಳದ ಸ್ಥಿತಿ ತಿಳಿಯುತ್ತದೆ.