ಕಚೇರಿಯ ಗಣಕಯಂತ್ರ: ಹೊಸದನ್ನು ಕೊಳ್ಳುವ ಮುನ್ನ ರ‍್ಯಾಮ್ ಪರಿಶೀಲನೆ

ಗ್ರಾಮ ಪಂಚಾಯಿತಿ ಕಚೇರಿಯ ಗಣಕಯಂತ್ರವು ನಿಧಾನವಾದಲ್ಲಿ ಅದರ ಬಿಸಿ ಮೊದಲು ತಟ್ಟುವುದು ಬಾಗಿಲಲ್ಲಿ ಕಾದು ನಿಂತ ಗ್ರಾಮಸ್ಥರಿಗೆ. ಇ-ಸ್ವತ್ತು ನಮೂನೆಗಾಗಿ ಬಂದವರು ಅಂದಿನ ಕೂಲಿಯನ್ನು ಬಿಟ್ಟು ಬಂದಿರಬಹುದು. ಇಂತಹ ಸಂದರ್ಭದಲ್ಲಿ ಹೊಸ ಗಣಕಯಂತ್ರ ಖರೀದಿಯ ಪ್ರಸ್ತಾವನೆಯು ಸಾಮಾನ್ಯ ಸಭೆಯ ಮುಂದೆ ಬರುವುದು ಸಹಜ. ಆದರೆ ಕೊರತೆಯು ಯಂತ್ರದ ಯಾವ ಭಾಗದಲ್ಲಿದೆ ಎಂಬುದನ್ನು ತಿಳಿಯದೆ ಅನುಮೋದನೆ ನೀಡಿದಲ್ಲಿ ಪಂಚಾಯಿತಿಯ ನಿಧಿ ವ್ಯರ್ಥವಾಗಬಹುದು. ಕೇವಲ ರ‍್ಯಾಮ್ ಹೆಚ್ಚಿಸಿದರೆ ಸಾಕಾಗುವ ಸಂದರ್ಭಗಳೂ ಉಂಟು. ಹೆಚ್ಚಿಸಿದರೂ ಪ್ರಯೋಜನವಾಗದ ಸಂದರ್ಭಗಳೂ ಉಂಟು. ಇವೆರಡನ್ನೂ ಬೇರ್ಪಡಿಸಿ ನೋಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರ‍್ಯಾಮ್ ಎಂದರೇನು?

ಕಚೇರಿಯ ಕಡತಗಳು ಕಪಾಟಿನಲ್ಲಿರುತ್ತವೆ; ಕೆಲಸ ನಡೆಯುವಾಗ ಬೇಕಾದವು ಮೇಜಿನ ಮೇಲಿರುತ್ತವೆ. ಗಣಕಯಂತ್ರದಲ್ಲಿ ಹಾರ್ಡ್ ಡಿಸ್ಕ್ ಕಪಾಟಿನಂತೆ, ರ‍್ಯಾಮ್ ಮೇಜಿನಂತೆ. ಮೇಜು ಕಿರಿದಾದಲ್ಲಿ ಪ್ರತಿ ಕಡತಕ್ಕೂ ಕಪಾಟಿಗೆ ಎದ್ದು ಹೋಗಬೇಕಾಗುತ್ತದೆ. ರ‍್ಯಾಮ್ ಸಾಲದ ಯಂತ್ರವು ನಿಧಾನವಾಗುವುದೂ ಇದೇ ಕಾರಣದಿಂದ.

ಕೊರತೆಯನ್ನು ಗುರುತಿಸುವ ಕ್ರಮ

ಎಂದಿನ ತಂತ್ರಾಂಶಗಳು ತೆರೆದಿರುವಾಗಲೇ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದ ಮೆಮೊರಿ ವಿಭಾಗವು ಒಟ್ಟು ರ‍್ಯಾಮ್ ಎಷ್ಟು, ಬಳಕೆ ಎಷ್ಟು ಎಂಬುದನ್ನು ತೋರಿಸುತ್ತದೆ. ಒಟ್ಟು ಸ್ಲಾಟ್‌ಗಳಲ್ಲಿ ಎಷ್ಟು ಭರ್ತಿಯಾಗಿವೆ ಎಂಬುದೂ ಸಾಮಾನ್ಯವಾಗಿ ಅಲ್ಲಿಯೇ ತಿಳಿಯುತ್ತದೆ. ಬಳಕೆಯು ಸದಾ ಶೇಕಡ 90ರ ಆಸುಪಾಸಿನಲ್ಲಿದ್ದರೆ ರ‍್ಯಾಮ್ ಸಾಲದೆಂದು ಭಾವಿಸಬಹುದು. ಬಳಕೆ ಅರ್ಧದಷ್ಟೇ ಇದ್ದೂ ಯಂತ್ರವು ನಿಧಾನವಾಗಿದ್ದರೆ ಹಾರ್ಡ್ ಡಿಸ್ಕ್, ಅಂತರ್ಜಾಲ ಸಂಪರ್ಕ ಅಥವಾ ಸರ್ವರ್ ಕಡೆ ನೋಡಬೇಕು. ಆಗ ರ‍್ಯಾಮ್‌ಗೆ ಮಾಡಿದ ವೆಚ್ಚ ನಿಷ್ಫಲ.

ಮದರ್‌ಬೋರ್ಡ್‌ಗೆ ಹೊಂದಿಕೆ

ಎಲ್ಲ ರ‍್ಯಾಮ್ ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್3 ರ‍್ಯಾಮ್‌ಗೆ 240 ಪಿನ್‌ಗಳು. ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288 ಪಿನ್‌ಗಳು. ಪಿನ್ ಸಂಖ್ಯೆ ಒಂದೇ ಆದರೂ ಡಿಡಿಆರ್4 ಮತ್ತು ಡಿಡಿಆರ್5ರ ಅಂಚಿನ ಕಚ್ಚು ಬೇರೆ ಬೇರೆ ಸ್ಥಾನದಲ್ಲಿದೆ. ವಿದ್ಯುತ್ ವೋಲ್ಟೇಜ್ ಕೂಡ ಬೇರೆ. ಆದ್ದರಿಂದ ಒಂದರ ಸ್ಥಳದಲ್ಲಿ ಇನ್ನೊಂದನ್ನು ಬಳಸಲಾಗದು. ಎಲ್ಲ ಭಾಗಗಳೂ ಪರದೆಯ ಹಿಂದೆಯೇ ಅಡಕವಾಗಿರುವ ಆಲ್-ಇನ್-ಒನ್ ಯಂತ್ರಗಳಲ್ಲಿ ಅನೇಕ ಮಾದರಿಗಳಿಗೆ ಲ್ಯಾಪ್‌ಟಾಪ್‌ನ ಚಿಕ್ಕ ಗಾತ್ರದ ರ‍್ಯಾಮ್ ಬೇಕಾಗುತ್ತದೆ.

ಮದರ್‌ಬೋರ್ಡ್‌ಗೆ ಗರಿಷ್ಠ ಮಿತಿಯೂ ಇದೆ. ಉದಾಹರಣೆಗೆ, 2013ರಲ್ಲಿ ಬಂದ ಇಂಟೆಲ್ ಎಚ್81 ಚಿಪ್‌ಸೆಟ್‌ನ ಮದರ್‌ಬೋರ್ಡ್‌ಗಳಲ್ಲಿ ಎರಡು ಸ್ಲಾಟ್‌ಗಳಿದ್ದು, ಒಟ್ಟು 16 ಜಿಬಿ ಡಿಡಿಆರ್3 ರ‍್ಯಾಮ್ ಮಾತ್ರ ಹಾಕಬಹುದು. ವೇಗದಲ್ಲಿ ವ್ಯತ್ಯಾಸವಿರುವ ಎರಡು ರ‍್ಯಾಮ್‌ಗಳನ್ನು ಒಟ್ಟಿಗೆ ಜೋಡಿಸಿದರೆ ಎರಡೂ ಕಡಿಮೆ ವೇಗದಲ್ಲಿಯೇ ನಡೆಯುತ್ತವೆ. 32 ಬಿಟ್ ವಿಂಡೋಸ್ ಇರುವ ಕಚೇರಿ ಯಂತ್ರದಲ್ಲಿ 4 ಜಿಬಿಗಿಂತ ಹೆಚ್ಚಿನದು ಬಳಕೆಗೆ ಬಾರದು; ಅಲ್ಲಿ ಮೊದಲು 64 ಬಿಟ್ ಆವೃತ್ತಿಯನ್ನು ಅಳವಡಿಸಬೇಕು.

ಯಂತ್ರದ ಆಯುಷ್ಯ

ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ಮೇಲೆ ಹೇಳಿದ ಎಚ್81 ಕಾಲದ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಅರ್ಹತಾ ಪಟ್ಟಿಯಲ್ಲಿಲ್ಲ. ಅಂತಹ ಯಂತ್ರಕ್ಕೆ ರ‍್ಯಾಮ್ ಹಾಕಿದರೆ ವೇಗ ಬಂದೀತು, ಭದ್ರತೆ ಬಾರದು. ಗ್ರಾಮಸ್ಥರ ಆಸ್ತಿ ದಾಖಲೆಗಳನ್ನು ನಿರ್ವಹಿಸುವ ಯಂತ್ರದಲ್ಲಿ ಇದು ಅಲಕ್ಷಿಸತಕ್ಕ ವಿಷಯವಲ್ಲ. ವಿಂಡೋಸ್ 11ಕ್ಕೆ ಅರ್ಹವಾಗಿದ್ದು ಕೇವಲ 4 ಜಿಬಿ ಹೊಂದಿರುವ ಯಂತ್ರಕ್ಕೆ ಮಾತ್ರ 8 ಜಿಬಿಗೆ ಏರಿಸುವುದು ನಿಜವಾದ ಉಳಿತಾಯ.

ಜೋಡಣೆಯ ವೇಳೆ ಎಚ್ಚರ

ಯಂತ್ರವನ್ನು ಆಫ್ ಮಾಡಿ ವಿದ್ಯುತ್ ತಂತಿಯನ್ನು ಕಳಚಬೇಕು. ರ‍್ಯಾಮ್ ಮುಟ್ಟುವ ಮುನ್ನ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದರೆ ಮೈಯಲ್ಲಿನ ಸ್ಥಿರ ವಿದ್ಯುತ್ ಹರಿದು ಹೋಗುತ್ತದೆ. ಕಚ್ಚು ಸರಿಹೊಂದಿದ ಬಳಿಕವೇ ಒತ್ತಬೇಕು. ಮರಳಿ ಆರಂಭಿಸಿದಾಗ ಒಟ್ಟು ಜಿಬಿ ಹೆಚ್ಚಾಗಿರುವುದನ್ನು ಟಾಸ್ಕ್ ಮ್ಯಾನೇಜರ್‌ನಲ್ಲಿ ಖಚಿತಪಡಿಸಿಕೊಂಡ ನಂತರವೇ ಬಿಲ್ಲಿಗೆ ದೃಢೀಕರಣ ನೀಡುವುದು ಸೂಕ್ತ.

ಸಭೆಯಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1. ಕೆಲಸದ ವೇಳೆಯಲ್ಲಿ ರ‍್ಯಾಮ್ ಬಳಕೆ ಶೇಕಡ ಎಷ್ಟಿತ್ತು?
2. ಮದರ್‌ಬೋರ್ಡ್‌ನ ಮಾದರಿ ಯಾವುದು, ಗರಿಷ್ಠ ಮಿತಿ ಎಷ್ಟು, ಖಾಲಿ ಸ್ಲಾಟ್ ಇದೆಯೇ?
3. ಯಂತ್ರವು ವಿಂಡೋಸ್ 11ಕ್ಕೆ ಅರ್ಹವೇ?
4. ಯಂತ್ರವು ಇನ್ನೂ ವಾರಂಟಿಯಲ್ಲಿದೆಯೇ? ಇದ್ದಲ್ಲಿ ಕ್ಯಾಬಿನೆಟ್ ತೆರೆಯಲು ನಿರ್ಬಂಧವಿದೆಯೇ?
5. ದರಪಟ್ಟಿಯಲ್ಲಿ ರ‍್ಯಾಮ್‌ನ ಬಗೆ, ಗಾತ್ರ, ವೇಗ ಮತ್ತು ವಾರಂಟಿ ಅವಧಿ ನಮೂದಾಗಿವೆಯೇ?
6. ತೆಗೆದ ಹಳೆಯ ರ‍್ಯಾಮ್ ದಾಸ್ತಾನು ವಹಿಯಲ್ಲಿ ದಾಖಲಾಗಿದೆಯೇ?

ಈ ಆರು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ಬಳಿಕ ಸಭೆಯು ಕೈಗೊಳ್ಳುವ ನಿರ್ಣಯವು, ಹೊಸ ಯಂತ್ರದ ಖರೀದಿಯೇ ಆಗಿರಲಿ, ರ‍್ಯಾಮ್ ಹೆಚ್ಚಳವೇ ಆಗಿರಲಿ, ಲೆಕ್ಕ ಪರಿಶೋಧನೆಯಲ್ಲಿ ಸಕಾರಣವಾಗಿ ನಿಲ್ಲುತ್ತದೆ.