ಕನ್ನಡಿ ಇಲ್ಲದ ಕ್ಯಾಮೆರಾ ಬೇಕಾ? ಅಂಕೋಲಾದ ಫೋಟೋಗಳಿಗೆ ಹಾಕಿದ ಲೆಕ್ಕ

ನಮ್ಮ ಫೋಟೋ ತಂಡಕ್ಕೆ ಈ ಸೆಮಿಸ್ಟರ್‌ನಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಒಂದೇ: "ಡಿಎಸ್‌ಎಲ್‌ಆರ್ ಮಾರಿ ಮಿರರ್‌ಲೆಸ್ ತಗೊಳ್ಳೋದಾ?" ಅಣ್ಣನ ಹಳೇ ಕ್ಯಾಮೆರಾ ಕೈಗೆ ಬಂದಿರೋ ಜೂನಿಯರ್‌ಗಳೂ ಕೇಳ್ತಾರೆ, ಇಂಟರ್ನ್‌ಶಿಪ್ ದುಡ್ಡು ಕೂಡಿಟ್ಟಿರೋ ಸೀನಿಯರ್‌ಗಳೂ ಕೇಳ್ತಾರೆ. ನಮ್ಮ ಕ್ಲಬ್ಬಿಗೂ ಇದೇ ಪ್ರಶ್ನೆ ಇದೆ. ಬೀರುವಿನಲ್ಲಿರೋದು ಒಂದು ನಿಕಾನ್ ಡಿ3500, ಅದರ ಜೊತೆ ಬಂದ ಕಿಟ್ ಲೆನ್ಸ್, ಮತ್ತೆ ಒಂದು 50 ಎಂಎಂ ಎಫ್/1.8 ಜಿ ಲೆನ್ಸ್. ನಾವು ಫೋಟೋ ತೆಗೆಯೋದು ಹೆಚ್ಚಾಗಿ ಅಂಕೋಲಾ ಕಡೆ. ಹೋಳಿ ಹೊತ್ತಿನ ಸುಗ್ಗಿ ಕುಣಿತ, ರಾತ್ರಿಯ ಯಕ್ಷಗಾನ, ಬೇಲೆಕೇರಿಯ ದೋಣಿಗಳು, ಹಾಲಕ್ಕಿ ಅಜ್ಜಿಯಂದಿರ ಹಾಡು.

ಯೂಟ್ಯೂಬ್ ರಿವ್ಯೂ ಮಾಡೋರಿಗೆ ಇದ್ಯಾವುದೂ ಗೊತ್ತಿಲ್ಲ. ಹಾಗಾಗಿ ಈ ಲೇಖನದಲ್ಲಿ ಕ್ಯಾಮೆರಾ ಒಳಗೆ ನಿಜವಾಗಿ ಏನು ಬದಲಾಗಿದೆ ಅಂತ ಮೊದಲು ತಿಳ್ಕೊಂಡು, ಆಮೇಲೆ ನಮ್ಮ ಫೋಟೋಗಳಿಗೆ ಅದನ್ನ ಹೊಂದಿಸಿ ನೋಡೋಣ. ಲೆಕ್ಕ ಎಲ್ಲಾ ಪಿಯುಸಿ ಫಿಸಿಕ್ಸ್ ಮಟ್ಟದ್ದೇ, ಹೆದರಬೇಡಿ.

ಒಳಗೆ ಏನಿದೆ?

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮತ್ತು ಸೆನ್ಸರ್ ನಡುವೆ 45 ಡಿಗ್ರಿಯಲ್ಲಿ ಒಂದು ಕನ್ನಡಿ ಇರುತ್ತೆ. ಬೆಳಕು ಅದಕ್ಕೆ ತಾಗಿ ಮೇಲೆ ಹೋಗಿ ನಮ್ಮ ಕಣ್ಣಿಗೆ ಬರುತ್ತೆ. ಸ್ವಲ್ಪ ಬೆಳಕು ದೊಡ್ಡ ಕನ್ನಡಿಯನ್ನ ದಾಟಿ, ಹಿಂದಿರೋ ಪುಟ್ಟ ಕನ್ನಡಿಗೆ ತಾಗಿ ಕೆಳಗೆ ಹೋಗುತ್ತೆ. ಅಲ್ಲಿ ಫೋಕಸ್ ಅಳೆಯೋ ಬೇರೆ ಸೆನ್ಸರ್ ಕೂತಿದೆ. ಬಟನ್ ಒತ್ತಿದಾಗ ಕನ್ನಡಿ ಮೇಲೆದ್ದು ಶಟರ್ ತೆರೆಯುತ್ತೆ. ನಮಗೆ ಕೇಳೋ "ಟಪಕ್" ಅನ್ನೋ ಸದ್ದು ಇವೆರಡರದ್ದೂ ಸೇರಿ.

ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯೇ ಇಲ್ಲ. ಬೆಳಕು ನೇರ ಸೆನ್ಸರ್ ಮೇಲೆ ಬೀಳುತ್ತೆ. ಫೋಕಸ್ ಅಳೆಯೋದೂ ಅದೇ ಸೆನ್ಸರ್, ವ್ಯೂಫೈಂಡರ್ ಒಳಗಿನ ಪುಟ್ಟ ಪರದೆಗೆ ಚಿತ್ರ ಕಳಿಸೋದೂ ಅದೇ. ಫೋಕಸ್ ಅಳೆಯೋ ಜಾಗ ಮತ್ತು ಫೋಟೋ ಮೂಡೋ ಜಾಗ ಒಂದೇ ಆಗಿರೋದ್ರಿಂದ, ಎರಡರ ನಡುವೆ ಕೂದಲೆಳೆ ವ್ಯತ್ಯಾಸ ಬಂದು ಫೋಕಸ್ ಮುಂದೆ ಹಿಂದೆ ಆಗೋ ಹಳೇ ತೊಂದರೆ ಬಹುಮಟ್ಟಿಗೆ ಹೋಯ್ತು.

ಈ ಬದಲಾವಣೆ ಒಂದೇ ದಿನ ಆಗಿದ್ದಲ್ಲ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂತು, 2013ರಲ್ಲಿ ಸೋನಿ ಎ7. ಕ್ಯಾನನ್ ಇಒಎಸ್ ಆರ್ ಮತ್ತು ನಿಕಾನ್ ಝಡ್7 ಬಂದಿದ್ದು 2018ರಲ್ಲಿ. ತಮಾಷೆ ಅಂದ್ರೆ ನಮ್ಮ ಡಿ3500 ಕೂಡ ಅದೇ 2018ರದ್ದು. 2020ರಲ್ಲಿ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ಬಂದ ಮೇಲೆ ಈ ಎರಡೂ ಕಂಪನಿಗಳ ಗಮನ ಪೂರ್ತಿ ಮಿರರ್‌ಲೆಸ್ ಕಡೆ ತಿರುಗಿತು. ಹಾಗಂತ ನಿಮ್ಮ ಕೈಯಲ್ಲಿರೋ ಕ್ಯಾಮೆರಾ ಕೆಟ್ಟದಾಗಲ್ಲ. ಹೊಸ ಲೆನ್ಸ್ ಬರೋದು ನಿಲ್ಲುತ್ತೆ, ಅಷ್ಟೇ. ಸೆಕೆಂಡ್ ಹ್ಯಾಂಡ್ ಲೆನ್ಸ್ ಹುಡುಕೋ ವಿದ್ಯಾರ್ಥಿಗೆ ಇದು ಒಳ್ಳೇ ಸುದ್ದಿಯೇ.

ಹಳೇ ಲೆನ್ಸ್ ಏನು ಮಾಡೋದು?

ಲೆನ್ಸ್ ಕೂರೋ ಲೋಹದ ಬಳೆಯಿಂದ ಸೆನ್ಸರ್‌ವರೆಗಿನ ದೂರಕ್ಕೆ ಫ್ಲೇಂಜ್ ದೂರ ಅಂತಾರೆ. ಕನ್ನಡಿ ಮೇಲೇಳೋಕೆ ಜಾಗ ಬೇಕಲ್ವಾ, ಅದಕ್ಕೇ ಡಿಎಸ್‌ಎಲ್‌ಆರ್‌ನಲ್ಲಿ ಇದು ಜಾಸ್ತಿ. ನಿಕಾನ್ ಎಫ್ ಮೌಂಟ್‌ನಲ್ಲಿ 46.5 ಮಿ.ಮೀ., ಅವರದೇ ಝಡ್ ಮೌಂಟ್‌ನಲ್ಲಿ 16 ಮಿ.ಮೀ. ಕ್ಯಾನನ್ ಇಎಫ್‌ನಲ್ಲಿ 44, ಆರ್‌ಎಫ್‌ನಲ್ಲಿ 20.

ಈಗ ಕಳೆಯಿರಿ. ನಿಕಾನ್‌ಗೆ 30.5 ಮಿ.ಮೀ., ಕ್ಯಾನನ್‌ಗೆ 24 ಮಿ.ಮೀ. ಉಳೀತು. ಅಡಾಪ್ಟರ್ ಅಂದ್ರೆ ಇಷ್ಟೇ: ಅಷ್ಟು ದೂರವನ್ನ ತುಂಬೋ ಒಂದು ಖಾಲಿ ಕೊಳವೆ, ಜೊತೆಗೆ ವಿದ್ಯುತ್ ಸಂಪರ್ಕ. ಒಳಗೆ ಗಾಜಿಲ್ಲ, ಹಾಗಾಗಿ ಚಿತ್ರದ ಗುಣಮಟ್ಟ ಕಡಿಮೆ ಆಗಲ್ಲ.

ಉಲ್ಟಾ ಮಾಡೋಕೆ ಆಗುತ್ತಾ? ಅಂದ್ರೆ ಝಡ್ ಲೆನ್ಸನ್ನ ಡಿಎಸ್‌ಎಲ್‌ಆರ್‌ಗೆ ಹಾಕಬಹುದಾ? ಮೌಂಟ್ ಹೇಗೋ ಕೂತಿತು ಅಂತಾನೇ ಇಟ್ಕೊಳ್ಳಿ. ಲೆನ್ಸ್ 30.5 ಮಿ.ಮೀ. ಮುಂದೆ ಹೋಗಿರುತ್ತೆ. 50 ಎಂಎಂ ಲೆನ್ಸ್‌ಗೆ ಲೆಕ್ಕ ಹಾಕಿದ್ರೆ, 50ರ ವರ್ಗ 2500, ಅದನ್ನ 30.5ರಿಂದ ಭಾಗಿಸಿದ್ರೆ 82, ಅದಕ್ಕೆ 50 ಕೂಡಿಸಿದ್ರೆ 132. ಲೆನ್ಸ್‌ನಿಂದ 13 ಸೆಂ.ಮೀ. ದೂರದ ವಸ್ತು ಮಾತ್ರ ಸ್ಪಷ್ಟ, ಅದರಾಚೆ ಎಲ್ಲಾ ಮಸುಕು. ಇರುವೆ ಫೋಟೋ ತೆಗೀಬಹುದು, ಬೇಲೆಕೇರಿ ದೋಣಿ ಸಿಗಲ್ಲ. ಅದಕ್ಕೇ ಹಳೇ ಲೆನ್ಸ್ ಹೊಸ ಬಾಡಿಗೆ ಬರುತ್ತೆ, ಹೊಸ ಲೆನ್ಸ್ ಹಳೇ ಬಾಡಿಗೆ ಬರಲ್ಲ.

ಒಂದು ಎಚ್ಚರಿಕೆ. ನಿಕಾನ್‌ನ ಹೆಚ್ಚಿನ ಹಳೇ "ಡಿ" ಲೆನ್ಸ್‌ಗಳಿಗೆ ಸ್ವಂತ ಫೋಕಸ್ ಮೋಟರ್ ಇರಲ್ಲ, ಬಾಡಿಯಲ್ಲಿರೋ ಮೋಟರ್ ಅದನ್ನ ತಿರುಗಿಸಬೇಕು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟರ್ ಇಲ್ಲ. ನಿಮ್ಮ ಹತ್ರ ಡಿ7200 ಮತ್ತು 50 ಎಂಎಂ ಎಫ್/1.8 ಡಿ ಇದ್ರೆ, ಬದಲಾಯಿಸಿದ ದಿನವೇ ಆಟೋಫೋಕಸ್ ಹೋಗುತ್ತೆ. ಹೆಚ್ಚಿನ "ಜಿ" ಲೆನ್ಸ್‌ಗಳಿಗೆ ಈ ಚಿಂತೆ ಇಲ್ಲ. ಮಾರೋ ಮುಂಚೆ ಲೆನ್ಸ್ ಮೇಲಿನ ಅಕ್ಷರ ಒಮ್ಮೆ ಓದಿ.

ಎರಡು ಬಾಡಿ, ಪಕ್ಕಪಕ್ಕ

"ಮಿರರ್‌ಲೆಸ್ ಅಂದ್ರೆ ಹಗುರ" ಅನ್ನೋದು ಎಲ್ಲರ ಬಾಯಲ್ಲಿ. ನಮ್ಮ ಡಿ3500 ಬ್ಯಾಟರಿ, ಕಾರ್ಡ್ ಸೇರಿ 415 ಗ್ರಾಂ. ಅದೇ ಅಳತೆಯ ಸೆನ್ಸರ್ ಇರೋ, 2019ರ ಮಿರರ್‌ಲೆಸ್ ನಿಕಾನ್ ಝಡ್50 ಸುಮಾರು 450 ಗ್ರಾಂ. ಹಳೇ ಲೆನ್ಸ್‌ಗೆ ಬೇಕಾದ ಎಫ್‌ಟಿಝಡ್ ಅಡಾಪ್ಟರ್ 135 ಗ್ರಾಂ. ಒಟ್ಟು 585. ಹಗುರ ಎಲ್ಲಿ ಆಯ್ತು? ಮೆಗಾಪಿಕ್ಸೆಲ್ ನೋಡಿದ್ರೂ ಡಿ3500ರಲ್ಲಿ 24, ಝಡ್50ರಲ್ಲಿ 21ರ ಹತ್ತಿರ.

ಬ್ಯಾಟರಿ ಇನ್ನೂ ದೊಡ್ಡ ವಿಷಯ. ಕಂಪನಿ ಕೊಡೋ ಲೆಕ್ಕದ ಪ್ರಕಾರ ಡಿ3500 ಒಂದು ಚಾರ್ಜ್‌ಗೆ 1550 ಫೋಟೋ, ಝಡ್50 ಸುಮಾರು 300. ಕಾರಣ ಸಿಂಪಲ್: ಡಿಎಸ್‌ಎಲ್‌ಆರ್‌ನಲ್ಲಿ ನೋಡೋಕೆ ಬೆಳಕು ಸಾಕು, ಮಿರರ್‌ಲೆಸ್‌ನಲ್ಲಿ ನೋಡೋವಾಗೆಲ್ಲಾ ಸೆನ್ಸರ್ ಮತ್ತು ಪರದೆ ಎರಡೂ ಓಡ್ತಾ ಇರಬೇಕು. ಬೆಳಗಿನವರೆಗೆ ನಡೆಯೋ ಆಟಕ್ಕೆ ಹೋದ್ರೆ ಜೇಬಿನಲ್ಲಿ ಮೂರು ನಾಲ್ಕು ಬ್ಯಾಟರಿ ಬೇಕು. ಅದರ ಖರ್ಚನ್ನೂ ಬಾಡಿ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಹಾಗಾದ್ರೆ ಗೆಲುವು ಎಲ್ಲಿ? ಫೋಕಸ್‌ನಲ್ಲಿ. ಡಿ3500ಕ್ಕೆ 11 ಫೋಕಸ್ ಪಾಯಿಂಟ್, ಎಲ್ಲವೂ ನಡುವೆಯೇ ಗುಂಪಾಗಿವೆ. ಝಡ್50ಕ್ಕೆ 209, ಫ್ರೇಮಿನ ಬಹುಪಾಲು ಹರಡಿವೆ. ಸುಗ್ಗಿಯವರು ತುರಾಯಿ ಕಟ್ಟಿಕೊಂಡು ಸುತ್ತಾಗಿ ಕುಣೀತಾರೆ. ನಮಗೆ ಬೇಕಾದ ಮುಖ ಫ್ರೇಮಿನ ಅಂಚಿಗೆ ಬಂದು ಮತ್ತೆ ತಿರುಗಿ ಹೋಗುತ್ತೆ. ಅಂಚಿನಲ್ಲಿ ಪಾಯಿಂಟೇ ಇಲ್ಲದಿದ್ರೆ ನಡುವೆ ಫೋಕಸ್ ಹಿಡಿದು ಕ್ಯಾಮೆರಾ ತಿರುಗಿಸಬೇಕು, ಅಷ್ಟರಲ್ಲಿ ಕುಣಿಯೋರು ಒಂದು ಹೆಜ್ಜೆ ಮುಂದೆ.

ಕತ್ತಲೆಗೆ ಬಾಡಿಯಲ್ಲ, ಲೆನ್ಸ್

ಯಕ್ಷಗಾನದ ಫೋಟೋ ಅಲುಗಾಡಿ ಬಂದ್ರೆ ಬೈಗುಳ ತಿನ್ನೋದು ಬಾಡಿ. ಲೆಕ್ಕ ಬೇರೆ ಹೇಳುತ್ತೆ. ಕಿಟ್ ಲೆನ್ಸ್‌ನ ಉದ್ದದ ತುದಿಯಲ್ಲಿ ಎಫ್/5.6. ನಮ್ಮ 50 ಎಂಎಂನಲ್ಲಿ ಎಫ್/1.8. 5.6ನ್ನ 1.8ರಿಂದ ಭಾಗಿಸಿ ವರ್ಗ ಮಾಡಿದ್ರೆ ಹತ್ತಿರ ಹತ್ತಿರ 9.7. ಅಂದ್ರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು. 1/30 ಸೆಕೆಂಡ್‌ಗೆ ತೆಗೀತಿದ್ದ ಫೋಟೋ 1/250ಕ್ಕೆ ಆರಾಮಾಗಿ ಬರುತ್ತೆ. ಅದೇ ಅಳತೆಯ ಸೆನ್ಸರ್ ಇರೋ ಯಾವ ಹೊಸ ಬಾಡಿಯೂ ಒಂದೇ ಸಲಕ್ಕೆ ಇಷ್ಟು ಕೊಡಲ್ಲ. ಕಿಟ್ ಲೆನ್ಸ್ ಮಾತ್ರ ಇರೋರು ಮೊದಲು ಇಂಥ ಒಂದು ಲೆನ್ಸ್ ತಗೊಳ್ಳಿ. ನಾಳೆ ಮಿರರ್‌ಲೆಸ್‌ಗೆ ಹೋದ್ರೂ ಅಡಾಪ್ಟರ್ ಹಾಕ್ಕೊಂಡು ಅದು ನಿಮ್ಮ ಜೊತೆ ಬರುತ್ತೆ.

ಸದ್ದಿಲ್ಲದ ಶಟರ್, ಅದರ ಬೆಲೆ

ಮಿರರ್‌ಲೆಸ್‌ನಲ್ಲಿ ಎಲೆಕ್ಟ್ರಾನಿಕ್ ಶಟರ್ ಹಾಕಿದ್ರೆ ಒಂಚೂರೂ ಸದ್ದಿಲ್ಲ. ಆದ್ರೆ ಸೆನ್ಸರ್ ಚಿತ್ರವನ್ನ ಒಟ್ಟಿಗೆ ಓದಲ್ಲ, ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತೆ. ಕಡಿಮೆ ಬೆಲೆಯ ಬಾಡಿಗೆ ಇದಕ್ಕೆ 1/20 ಸೆಕೆಂಡ್, ಅಂದ್ರೆ 50 ಮಿಲಿಸೆಕೆಂಡ್ ಬೇಕು ಅಂತ ಇಟ್ಕೊಳ್ಳಿ.

ಮೊದಲ ಉದಾಹರಣೆ ರೈಲು. ಅಂಕೋಲಾದಲ್ಲಿ ಕೊಂಕಣ ರೈಲ್ವೆ ಗಾಡಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದ್ರೆ ಸೆಕೆಂಡಿಗೆ 25 ಮೀಟರ್. 50 ಮಿಲಿಸೆಕೆಂಡ್‌ನಲ್ಲಿ 1.25 ಮೀಟರ್. ಫ್ರೇಮಿನ ತುದಿಯಿಂದ ತುದಿಗೆ ತುಂಬಿದ ಬೋಗಿಯ ಮೇಲ್ಭಾಗ ಒಂದು ಕಡೆ, ಕೆಳಭಾಗ ಒಂದೂಕಾಲು ಮೀಟರ್ ಆಚೆ. ನೆಟ್ಟಗಿರೋ ಬಾಗಿಲು ವಾಲಿದ ಹಾಗೆ ಕಾಣುತ್ತೆ. ಮೆಕ್ಯಾನಿಕಲ್ ಶಟರ್ ಈ ದಾರಿಯನ್ನ 4–5 ಮಿಲಿಸೆಕೆಂಡ್‌ನಲ್ಲಿ ದಾಟುತ್ತೆ, ವಾಲೋದು 12 ಸೆಂ.ಮೀ. ಅಷ್ಟೇ.

ಎರಡನೇದು ರಂಗಸ್ಥಳದ ಎಲ್‌ಇಡಿ ದೀಪ. ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಷ್ಟೋ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಅಂದ್ರೆ 10 ಮಿಲಿಸೆಕೆಂಡಿಗೆ ಒಂದು ಸಲ. 50 ಮಿಲಿಸೆಕೆಂಡ್ ಓದೋ ಹೊತ್ತಿಗೆ ಐದು ಸಲ. ಫೋಟೋದಲ್ಲಿ ಐದು ಕಪ್ಪು ಪಟ್ಟಿ ಬೀಳುತ್ತೆ. ಪರಿಹಾರವೂ ಲೆಕ್ಕದಲ್ಲೇ ಇದೆ: ಶಟರ್ ವೇಗ 1/100 ಅಥವಾ 1/50 ಇಡಿ. ಆಗ ಪ್ರತಿ ಸಾಲಿಗೂ ಪೂರ್ತಿ ಒಂದು ಅಥವಾ ಎರಡು ಮಿಣುಕು ಸಿಗುತ್ತೆ, ಪಟ್ಟಿ ಮಾಯ. ದುಬಾರಿ ಬಾಡಿಗಳು ಇದನ್ನ ಬೇರೆ ರೀತಿ ಗೆದ್ದಿವೆ. 2023ರ ಸೋನಿ ಎ9 3ರಲ್ಲಿ ಎಲ್ಲಾ ಸಾಲಿನ ಎಕ್ಸ್‌ಪೋಷರ್ ಒಟ್ಟಿಗೇ ಆಗುತ್ತೆ. ಅದರ ಬೆಲೆ ಕೇಳೋ ಧೈರ್ಯ ವಿದ್ಯಾರ್ಥಿಗಳಿಗೆ ಬೇಡ.

ಮರಳು, ಉಪ್ಪುಗಾಳಿ, ಮಳೆ

ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ತೆಗೆದಾಗ ಕನ್ನಡಿ ಮತ್ತು ಶಟರ್ ಸೆನ್ಸರ್‌ಗೆ ಮರೆಯಾಗಿ ನಿಂತಿರುತ್ತವೆ. ಹೆಚ್ಚಿನ ಮಿರರ್‌ಲೆಸ್‌ಗಳಲ್ಲಿ ಸೆನ್ಸರ್ ನೇರ ಗಾಳಿಗೆ ತೆರೆದಿರುತ್ತೆ. ಕ್ಯಾನನ್ ಇಒಎಸ್ ಆರ್ ಥರದ ಕೆಲವು ಮಾತ್ರ ಆಫ್ ಮಾಡಿದಾಗ ಶಟರ್ ಮುಚ್ಚುತ್ತವೆ. ಆದ್ರಿಂದ ಕಡಲ ದಂಡೆಯಲ್ಲಿ ಲೆನ್ಸ್ ಬದಲಾಯಿಸಬೇಡಿ. ಅನಿವಾರ್ಯ ಆದ್ರೆ ಗಾಳಿಗೆ ಬೆನ್ನು ಮಾಡಿ, ಬಾಡಿಯ ಬಾಯಿ ಕೆಳಗೆ ಮಾಡಿ ಬದಲಾಯಿಸಿ. ಕಾರವಾರದ ಸೂರ್ಯಾಸ್ತ ತೆಗೆಯೋವಾಗ ಉದ್ದ ಲೆನ್ಸನ್ನ ಸುಡೋ ಸೂರ್ಯನ ಕಡೆ ಹಿಡಿದು ನಿಲ್ಲಬೇಡಿ. ಮಿರರ್‌ಲೆಸ್‌ನಲ್ಲಿ ಆ ಬಿಸಿ ನೇರ ಸೆನ್ಸರ್ ಮೇಲೆ. ಡಿಎಸ್‌ಎಲ್‌ಆರ್ ಇದ್ರೆ ವ್ಯೂಫೈಂಡರ್‌ನಲ್ಲಿ ನೋಡಲೇಬೇಡಿ, ಅಲ್ಲಿ ಸುಡೋದು ಕಣ್ಣು.

ಮಳೆಗಾಲದ ಫಂಗಸ್ ಎರಡಕ್ಕೂ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಲೆನ್ಸ್ ಚರ್ಮದ ಬ್ಯಾಗಿನಲ್ಲಿ ಇರಬಾರದು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಬಿಸಿ ಮಾಡಿ ಮತ್ತೆ ಬಳಸಬಹುದಾದ ಸಿಲಿಕಾ ಜೆಲ್, ತೇವ ತೋರಿಸೋ ಪುಟ್ಟ ಮೀಟರ್. ಮೀಟರ್ 40ರಿಂದ 50 ಶೇಕಡಾ ತೋರಿಸಿದ್ರೆ ಸಾಕು.

ಹಾಡು ಕಾಯಲ್ಲ

ಇಷ್ಟು ಲೆಕ್ಕದ ನಂತರ ನಮಗೆ ಮುಖ್ಯ ಅನಿಸಿದ ಮಾತು ಇಲ್ಲಿದೆ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಗಿಡಮರಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆ ಪುಸ್ತಕದಿಂದ ಬಂದಿದ್ದಲ್ಲ. ಎರಡು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ಬಡಗೇರಿಯ ಸುಕ್ರಿ ಬೊಮ್ಮಗೌಡ ಹೋದರು. 2017ರಲ್ಲಿ ಪದ್ಮಶ್ರೀ ಬಂದಿದ್ದ ಸುಕ್ರಜ್ಜಿ ಹಾಲಕ್ಕಿ ಹಾಡುಗಳನ್ನ ನೆನಪಿನಲ್ಲೇ ಇಟ್ಕೊಂಡಿದ್ದವರು. ಇವರಿಬ್ಬರೂ ಹೆಸರಾದವರು, ಇವರ ಫೋಟೋ, ವಿಡಿಯೋ ಸಾಕಷ್ಟು ಉಳಿದಿವೆ. ಹೆಸರಾಗದ ಅಜ್ಜಿಯಂದಿರ ಹಾಡು?

ಹಾಡೋರ ಎದುರು ಡಿಎಸ್‌ಎಲ್‌ಆರ್‌ನ "ಟಪಕ್" ನಿಜಕ್ಕೂ ತೊಂದರೆ. ಪ್ರತಿ ಫೋಟೋಗೂ ಸದ್ದು ರೆಕಾರ್ಡಿಂಗ್ ಒಳಗೆ ಹೋಗುತ್ತೆ, ಹಾಡೋರ ಗಮನವೂ ಕ್ಯಾಮೆರಾ ಕಡೆ ತಿರುಗುತ್ತೆ. ಡಿ3500ಕ್ಕೆ ಮೈಕ್ ಸಿಕ್ಕಿಸೋ ತೂತೂ ಇಲ್ಲ, ವಿಡಿಯೋದಲ್ಲಿ ಫೋಕಸ್ ಕೂಡ ಹಿಂದೆ ಮುಂದೆ ಹುಡುಕಾಡುತ್ತೆ. ಝಡ್50ಕ್ಕೆ ಮೈಕ್ ತೂತು ಇದೆ, ಸದ್ದಿಲ್ಲದ ಶಟರ್ ಇದೆ. ಇಲ್ಲಿ ಮಿರರ್‌ಲೆಸ್ ಸ್ಪಷ್ಟವಾಗಿ ಮೇಲು.

ಆದ್ರೆ ಅದು ಬರೋವರೆಗೆ ಕಾಯಬೇಕಾಗಿಲ್ಲ. ಡಿಎಸ್‌ಎಲ್‌ಆರ್ ಇಟ್ಕೊಂಡೇ ಹೀಗೆ ಮಾಡಬಹುದು: ಫೋನ್‌ಗೆ ಒಂದು ಸಾದಾ ಕಾಲರ್ ಮೈಕ್ ಹಾಕಿ ಧ್ವನಿ ಬೇರೆಯೇ ರೆಕಾರ್ಡ್ ಮಾಡಿ. ಹಾಡು ನಡೆಯೋವಾಗ ಕ್ಯಾಮೆರಾ ಮುಟ್ಟಬೇಡಿ. ಹಾಡು ಮುಗಿದು ಮಾತಿಗೆ ಕೂತಾಗ ಫೋಟೋ ತೆಗೀರಿ, ಮುಖಕ್ಕೆ ನಗು ಬರೋದೂ ಆಗಲೇ. ತೆಗೆಯೋ ಮುಂಚೆ ಕೇಳಿ. ಯಾರ ಹಾಡು, ಯಾವ ಸಂದರ್ಭದ್ದು, ಯಾವ ದಿನ ಅಂತ ಬರೆದಿಡಿ. ಆಮೇಲೆ ಒಂದು ಪ್ರಿಂಟ್ ಹಾಕಿಸಿ ಅವರ ಮನೆಗೆ ಮುಟ್ಟಿಸಿ.

ನಮ್ಮ ತೀರ್ಮಾನ

ಒಂದು ಕಾಗದ ತಗೊಂಡು, ಈಗಿರೋ ಕ್ಯಾಮೆರಾದಲ್ಲಿ ತೆಗೆಯೋಕೆ ಆಗದ ಫೋಟೋಗಳನ್ನ ಪಟ್ಟಿ ಮಾಡಿ. ಪಕ್ಕದಲ್ಲಿ ಕಾರಣ ಬರೀರಿ: ಬೆಳಕಾ, ಫೋಕಸ್ಸಾ, ಸದ್ದಾ? ಬೆಳಕು ಅಂತ ಬಂದ್ರೆ ಲೆನ್ಸ್ ತಗೊಳ್ಳಿ. ಫೋಕಸ್, ಸದ್ದು, ವಿಡಿಯೋ ಅಂತ ಪದೇ ಪದೇ ಬಂದ್ರೆ ಮಿರರ್‌ಲೆಸ್ ನೋಡಿ, ಆಗಲೂ ಹಳೇ ಲೆನ್ಸ್ ಇಟ್ಕೊಂಡು ಅಡಾಪ್ಟರ್ ಜೊತೆ. ಪಟ್ಟಿಯೇ ಖಾಲಿ ಇದ್ರೆ ಅಪ್ಪನ ದುಡ್ಡು ಉಳೀತು.

ನಮ್ಮ ಕ್ಲಬ್ಬಿನ ಪಟ್ಟಿಯಲ್ಲಿ ನಾಲ್ಕು ಸಾಲು ಬಂತು. ರಾತ್ರಿ ಆಟಕ್ಕೆ ಉತ್ತರ 50 ಎಂಎಂ, ಅದು ಬೀರುವಿನಲ್ಲೇ ಇದೆ. ದೋಣಿಗಳಿಗೆ ಡಿ3500 ಸಾಕು. ಸುಗ್ಗಿಯ ಅಂಚಿನ ಮುಖಕ್ಕೂ ಹಾಡಿನ ರೆಕಾರ್ಡಿಂಗ್‌ಗೂ ಮಿರರ್‌ಲೆಸ್ ಬೇಕು. ಹಾಗಾಗಿ ಡಿ3500 ಮಾರದೆ, ಒಂದು ಸೆಕೆಂಡ್ ಹ್ಯಾಂಡ್ ಮಿರರ್‌ಲೆಸ್ ಬಾಡಿಗೆ ದುಡ್ಡು ಕೂಡಿಸ್ತೀವಿ. ಅಲ್ಲಿಯವರೆಗೆ ಕಾಲರ್ ಮೈಕ್ ಹಿಡ್ಕೊಂಡು ಈ ತಿಂಗಳೇ ಅಂಕೋಲಾಕ್ಕೆ ಹೋಗ್ತೀವಿ. ನಿಮ್ಮ ಅಜ್ಜಿಗೆ ಹಾಡು ಬರುತ್ತೆ ಅನ್ನೋರು, ನಿಮ್ಮ ಪಟ್ಟಿಯ ಜೊತೆ ಕ್ಲಬ್ ರೂಮಿಗೆ ಬನ್ನಿ. ಕ್ಯಾಮೆರಾ ಯಾವುದಿದ್ರೂ ಪರವಾಗಿಲ್ಲ.